ಹುಣ್ಣಿಮೆ ಉಪ್ಪಿನಕಾಯಿಗೆ ಯಾರ ಕೈ

ನನ್ನ ತಂಗಿ ವೈಶಾಖದ ಹುಣ್ಣಿಮೆಯ ದಿನ ಹುಟ್ಟಿದಳು. ನಾನು ಅಮಾವಾಸ್ಯೆಯ ದಿನ. ಇದರಲ್ಲಿ ಅವಳ ಹೆಚ್ಚುಗಾರಿಕೆ ಏನೋ ನನಗೆ ಇವತ್ತಿಗೂ ತಿಳಿಯದು. ಅವ್ವನಿಗೆ ನೋವು ಬಂದಾಗ ಹುಟ್ಟಿದೆವು, ಅಷ್ಟೇ. ಆದರೆ ನಮ್ಮ ಪಂಚನಹಳ್ಳಿ ಮನೆಯಲ್ಲಿ ಅವಳು ಹುಣ್ಣಿಮೆ ಕೂಸು, ನಾನು ಬರೀ ದೊಡ್ಡವಳು.

ಬೇಸಿಗೆಯ ಆ ಹುಣ್ಣಿಮೆಗೆ ನಮ್ಮಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಕಲಸುತ್ತಾರೆ. ಹೋಳುಗಳನ್ನು ಮೊದಲೇ ಉಪ್ಪಿನಲ್ಲಿ ಹಾಕಿಟ್ಟು, ಹುಣ್ಣಿಮೆ ಸಂಜೆ ಚಂದ್ರ ಮೂಡುವಾಗ ಖಾರ, ಸಾಸಿವೆ ಬೆರೆಸಬೇಕು. ತುಂಬಿದ ಚಂದ್ರನ ಎದುರು ಕಲಸಿದ ಜಾಡಿ ವರ್ಷವೆಲ್ಲ ಕೆಡುವುದಿಲ್ಲ ಎಂಬುದು ಅವ್ವನ ನಂಬಿಕೆ. ಕಲಸುವ ಕೈಯೂ ಹುಣ್ಣಿಮೆಯದೇ ಆದರೆ ಕೇಳಲೇಬೇಡಿ. ಹಾಗಾಗಿ ತಂಗಿಗೆ ಬುದ್ಧಿ ಬಂದಾಗಿನಿಂದ ಆ ಜಾಡಿ ಅವಳದು. ಕೈಗುಣವಂತೆ! ಅವಳ ಕೈಯಲ್ಲಿ ಒಂದು ಲೋಟ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಎಷ್ಟು ಒಡೆದಿದ್ದಾಳೆ ಅಂತ ನನ್ನನ್ನು ಕೇಳಿ.

ನನಗೆ ಆ ಸಂಜೆ ಬೇರೆಯೇ ಏರ್ಪಾಡು. ನಾನು ಕೂಸಾಗಿದ್ದಾಗ ಜೋಯಿಸರು ಜಾತಕ ಬರೆಯುತ್ತಾ, ಚಂದ್ರನೆಂದರೆ ಮನಸ್ಸು, ಚಂದ್ರನೆಂದರೆ ತಾಯಿ, ಚಂದ್ರನೇ ಇಲ್ಲದ ದಿನ ಹುಟ್ಟಿದವಳಿಗೆ ಎರಡೂ ತುಸು ಕಡಿಮೆ ಎಂದಿದ್ದರಂತೆ. ಹುಣ್ಣಿಮೆಯ ಬೆಳಕನ್ನು ಈ ಮಗು ತಾಳುವುದಿಲ್ಲ ಎಂದೂ ಸೇರಿಸಿದ್ದರು. ಅವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಂದ್ರ ಮೂಡುವ ಮೊದಲು ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಮುಖದ ಸುತ್ತ ಇಳಿ ತೆಗೆದು ಕೆಂಡಕ್ಕೆ ಹಾಕುವಳು. ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುತ್ತಾರೆ. ನನಗೆ ತೆಗೆದಾಗಲೆಲ್ಲ ಮನೆಮಂದಿಯೆಲ್ಲ ಕೆಮ್ಮುತ್ತಿದ್ದರು. ನನ್ನ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ ಅಂತಲೇ ಅದರ ಅರ್ಥ. ಬೀಳುವುದಕ್ಕೆ ಏನಿತ್ತು ಹೇಳಿ?

ಅವಳು ಮಾಳಿಗೆಯ ಮೇಲೆ ಜಾಡಿಯ ಮುಂದೆ ರಾಣಿಯ ಹಾಗೆ, ನಾನು ಕೆಳಗೆ ಕಾಯಿಲೆಯವಳ ಹಾಗೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಒಮ್ಮೆ ಮಾತ್ರ ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ತಂಗಿಗೆ ತರೀಕೆರೆಯಿಂದ ಗಂಡು ಬಂದಾಗ ಅವಳದು ವಿಶಾಖಾ ನಕ್ಷತ್ರ ಎಂಬ ಮಾತು ಎದ್ದಿತು. ವಿಶಾಖದ ಹೆಣ್ಣು ಮೈದುನನಿಗೆ ಆಗದು ಎನ್ನುತ್ತಾರಲ್ಲ. ಬೇಸಿಗೆ ಹುಣ್ಣಿಮೆಯ ಚಂದ್ರ ನಿಲ್ಲುವುದೇ ಆ ನಕ್ಷತ್ರದ ಆಸುಪಾಸಿನಲ್ಲಿ. ಸಿಕ್ಕಿತಲ್ಲ ನಿನ್ನ ಹುಣ್ಣಿಮೆಗೂ ಒಂದು ಕೊಂಕು ಎಂದು ನಾನು ಒಳಗೊಳಗೇ ಹಿಗ್ಗಿದೆ. ನೋಡಿದರೆ ಆ ಹುಡುಗನಿಗೆ ತಮ್ಮನೇ ಇರಲಿಲ್ಲ. ಮದುವೆ ಗಡದ್ದಾಗಿ ನಡೆಯಿತು.

ನನ್ನನ್ನು ಅಜ್ಜಂಪುರಕ್ಕೆ ಕೊಟ್ಟರು. ಈಗ ನಾನೂ ಅಜ್ಜಿಯಾಗಿದ್ದೇನೆ. ಆದರೂ ಪ್ರತಿ ಬೇಸಿಗೆ ಹುಣ್ಣಿಮೆಗೆ ಇಬ್ಬರೂ ತವರಿಗೆ ಹೋಗುತ್ತೇವೆ, ಅವಳು ಕಲಸುತ್ತಾಳೆ, ನಾನು ಹೊಸ್ತಿಲ ಮೇಲೆ ಕೂರುತ್ತೇನೆ.

ಈ ವರ್ಷ ನಾನು ಗಟ್ಟಿ ಮನಸ್ಸು ಮಾಡಿಕೊಂಡೇ ಕಡೂರಿನಲ್ಲಿ ಬಸ್ಸು ಬದಲಿಸಿದೆ. ಅವ್ವನ ಕೈ ನಡುಗುತ್ತದೆ, ಕಣ್ಣು ಮಂಜು. ಇನ್ನೆಷ್ಟು ಬೇಸಿಗೆ ಕಾಣುತ್ತಾಳೋ. ಅವಳಿರುವಾಗಲೇ, ಅವಳ ಬಾಯಿಂದಲೇ, ನೀನು ಕಲಸು ಎಂಬ ಮಾತು ನನಗೆ ಬೇಕಿತ್ತು. ಒಂದು ಸಲ ಸಾಕಿತ್ತು. ಮೊಬೈಲಿನಲ್ಲಿ ಬಂದ ದಿನಭವಿಷ್ಯವೂ ನನ್ನ ರಾಶಿಗೆ ಇಷ್ಟಾರ್ಥ ಸಿದ್ಧಿ ಎಂದಿತ್ತು. ಅದನ್ನೇ ಅವ್ವನಿಗೆ ಓದಿ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಹೇಳುವುದಕ್ಕೆ ಧೈರ್ಯವೇ ಬರಲಿಲ್ಲ. ಅವ್ವನಿಗೆ ಈಗ ಮಾಳಿಗೆ ಹತ್ತಿ ಜಾಡಿ ನೋಡಲಾಗದೆಂದು ಅದನ್ನು ಅಂಗಳಕ್ಕೆ ತಂದಿದ್ದರು. ತವರಿನಲ್ಲೇ ಇರುವ ನಮ್ಮ ತಮ್ಮನ ಹೆಂಡತಿ ಖಾರದ ಪುಡಿ, ಸಾಸಿವೆ ಪುಡಿ ಪಕ್ಕದಲ್ಲಿಟ್ಟು, ಹಳೆಯ ಬಾಣಲೆಯಲ್ಲಿ ಕೆಂಡವನ್ನೂ ತಂದಳು. ಅವ್ವ ಉಪ್ಪು, ಮೆಣಸಿನಕಾಯಿ ಹಿಡಿದು ನನ್ನನ್ನು ಕರೆದಳು. ತಂಗಿ ಜಾಡಿಯ ಮುಂದೆ ಕೂತು ಬಳೆಗಳನ್ನು ಮೇಲೆ ಸರಿಸಿಕೊಂಡಳು. ನನಗೆ ಎದ್ದುಹೋಗಿ ಜಾಡಿಯನ್ನು ಒದ್ದುಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಈ ಸಲ ನಾನು ಕಲಸಲ್ಲ ಕಣವ್ವ. ಅಕ್ಕ ಕಲಸ್ಲಿ. ನಂಗೆ ದೃಷ್ಟಿ ತೆಗಿ."

ಅವ್ವನಿಗೆ ಅರ್ಥವಾಗಲಿಲ್ಲ. ಮೈ ಹುಷಾರಿಲ್ಲವೇ ಎಂದು ಕೇಳಿದಳು. ನೀನು ಹುಣ್ಣಿಮೆ ಕೂಸು, ನಿನಗೆ ಯಾರ ಕಣ್ಣು ತಗುಲುತ್ತದೆ ಎಂದಳು.

"ಯಾರ್ದ್ಯಾಕೆ, ಈ ಅಕ್ಕಂದೇ ಸಾಕಲ್ಲ" ಎಂದು ತಂಗಿ ನಕ್ಕಳು. ಆಮೇಲೆ ನಗಲಿಲ್ಲ. "ಒಂದ್ಸಲನಾದ್ರೂ ತೆಗ್ದಿದ್ದೀಯೇನವ್ವ ನಂಗೆ? ಕೆಳಗೆ ಅವಳ್ನ ಕೂರಿಸ್ಕಂಡು ತಲೆ ನೇವರಿಸ್ತಿದ್ದೆ. ನಾನು ಮಾಳಿಗೆ ಮ್ಯಾಲೆ ಒಬ್ಳೇ ಖಾರ ಕಲಸ್ಕಂಡು ಕೂರ್ತಿದ್ದೆ. ಮೆಣಸಿನಕಾಯಿ ಘಾಟು ಮ್ಯಾಕೆ ಬರೋದು. ಅಳು ಬರೋದು ಕಣವ್ವ. ಘಾಟಿಗೆ ಅಂತ ನೀನು ತಿಳ್ಕಂತಿದ್ದೆ."

ಅವ್ವ ನನ್ನ ತಲೆ ನೇವರಿಸುತ್ತಿದ್ದಳೇ? ಹೌದು, ನೇವರಿಸುತ್ತಿದ್ದಳು. ಇಳಿ ತೆಗೆದಾದ ಮೇಲೆ ಹಣೆಯಿಂದ ಜಡೆಯ ತುದಿಯವರೆಗೆ, ನಿಧಾನವಾಗಿ. ನಾನು ಆ ಹೊತ್ತಿನಲ್ಲೆಲ್ಲ ಮಾಳಿಗೆಯ ಕಡೆ ಕಿವಿಯಿಟ್ಟು ಕೂತಿರುತ್ತಿದ್ದೆ.

ಅವ್ವ ಕೈಯಲ್ಲಿದ್ದ ಉಪ್ಪು, ಮೆಣಸಿನಕಾಯಿಯೊಂದಿಗೆ ತಂಗಿಯ ಕಡೆ ತಿರುಗಿ, "ಹೋಗೇ ದೊಡ್ಡವ್ಳೇ, ನೀನು ಕಲಸೋಗು" ಎಂದಳು.

ಅಂತೂ ಬಂತು ಆ ಮಾತು. ನಾನು ಜಾಡಿಯ ಮುಂದೆ ಕೂತೆ. ತೆಂಗಿನ ಗರಿಗಳ ಹಿಂದೆ ಚಂದ್ರ ದೊಡ್ಡದಾಗಿ ಮೂಡುತ್ತಿದ್ದ. ಉಪ್ಪು ಹೀರಿ ಮೆತ್ತಗಾದ ಹೋಳುಗಳ ಮೇಲೆ ಖಾರ ಸುರಿದು ಮೊಣಕೈವರೆಗೂ ಕೈ ಇಳಿಸಿದೆ. ಅತ್ತ ಅವ್ವ ತನ್ನ ನಡುಗುವ ಮುಷ್ಟಿಯನ್ನು ತಂಗಿಯ ಮುಖದ ಸುತ್ತ ಆಡಿಸಿ, ಕೆಂಡಕ್ಕೆ ಸುರಿದಳು. ಮೆಣಸಿನಕಾಯಿ ಕರ್ರಗೆ ಸುಟ್ಟಿತು. ಒಬ್ಬರೂ ಕೆಮ್ಮಲಿಲ್ಲ, ಘಾಟೇ ಇಲ್ಲ.

"ಅಯ್ಯೋ ನನ್ನ ಕೂಸೇ, ಎಷ್ಟು ವರ್ಷದ ಕಣ್ಣಿತ್ತೇ ನಿನ್ನ ಮ್ಯಾಲೆ" ಎಂದು ಅವ್ವ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಣೆಯಿಂದ ಶುರುಮಾಡಿ ತಲೆ ನೇವರಿಸತೊಡಗಿದಳು.

ಕಲಸುತ್ತಿದ್ದ ನನ್ನ ಕೈ ನಿಂತಿತು.

"ಅವ್ವ, ನಂಗೂ ತೆಗಿ" ಎಂದೆ.

"ನಿಂಗ್ಯಾಕೇ ಇನ್ನು?" ಎಂದಳು ಅವ್ವ, ನನ್ನ ಕಡೆ ತಿರುಗದೆ. "ನೀನು ಕಲಸು. ಚಂದ್ರ ಮ್ಯಾಕೆ ಬಂದ."

ನಾನು ಕಲಸಿದೆ. ಹೋಳುಗಳೆಲ್ಲ ಕೆಂಪಗಾಗಿ, ಜಾಡಿಗೆ ಬಟ್ಟೆ ಕಟ್ಟಿ ಮುಗಿಸುವವರೆಗೂ ಅವ್ವನ ಕೈ ತಂಗಿಯ ತಲೆಯ ಮೇಲೇ ಇತ್ತು.