ಎರಡನೆಯ ಗುಂಡಿನ ಅಚ್ಚು

ಅಪ್ಪನ ಬಳಿ ಪರವಾನಗಿ ಇದ್ದ ಹಳೆಯ ಬಂದೂಕಿತ್ತು. ಗುರಿ ಅಭ್ಯಾಸಕ್ಕೆ ಬೇಕಾದ ಸೀಸದ ಗುಂಡುಗಳನ್ನು ಭಾನುವಾರಗಳಂದು ಕುವೆಂಪುನಗರದ ನಮ್ಮ ಹಿತ್ತಲಲ್ಲಿ ಅವರೇ ಎರಕ ಹೊಯ್ಯುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅಗ್ರಹಾರದ ಹಳೆ ಸಾಮಾನಿನ ಅಂಗಡಿಯಲ್ಲಿ, ನಮ್ಮ ಮನೆಯಲ್ಲಿದ್ದ ಗುಂಡಿನ ಅಚ್ಚಿನಂಥದ್ದೇ ಇನ್ನೊಂದು ಅಪ್ಪನ ಕಣ್ಣಿಗೆ ಬಿತ್ತು.

"ಒಂದು ಆರೋವಷ್ಟರಲ್ಲಿ ಇನ್ನೊಂದಕ್ಕೆ ಹುಯ್ಬೋದು ಕಣೋ. ಕೆಲಸ ಬೇಗ ಮುಗ್ದೋಗ್ತದೆ," ಎಂದರು.

ಆ ತಿಂಗಳು ಅವರ ಕೈ ನಡುಗಿ, ಕಾದ ಸೀಸ ಎರಡು ಸಲ ನೆಲಕ್ಕೆ ಚೆಲ್ಲಿತ್ತು. ಅಚ್ಚು ಆರುವವರೆಗಿನ ಬಿಡುವಿನಲ್ಲೇ ಆ ಕೈಗೆ ವಿಶ್ರಾಂತಿ ಸಿಗುತ್ತಿತ್ತು. ಅದನ್ನು ಹೇಳಲಾಗದೆ, "ಇರೋದೇ ಸಾಕಲ್ಲಪ್ಪ, ಅಷ್ಟೊಂದು ಗುಂಡು ಯಾರಿಗೆ?" ಎಂದೆ.

ಅಪ್ಪ ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು. "ಹೌದು ಬುಡು, ಯಾರಿಗೆ," ಎನ್ನುತ್ತಾ ಅಚ್ಚನ್ನು ಅಂಗಡಿಯವನಿಗೆ ಹಿಂತಿರುಗಿಸಿದರು. ಆ ಭಾನುವಾರ ಅವರು ಸೀಸ ಕಾಯಿಸಲಿಲ್ಲ. ಆಮೇಲೆ ಎಂದೂ ಕಾಯಿಸಲಿಲ್ಲ.