ಎಂಜಲು ಲೋಟ

ಹೊಸಪೇಟೆಯ ಹಾಸ್ಟೆಲಿನಲ್ಲಿ ನಮ್ಮ ಐವರು ಗೆಳೆಯರಿಗೆ ಇದ್ದದ್ದು ಒಂದೇ ಸ್ಟೀಲ್ ಲೋಟ. ಭಾನುವಾರ ಮಧ್ಯಾಹ್ನ ಕಾಲುವೆ ದಂಡೆಯ ಬಾಳೆತೋಟದಲ್ಲಿ ಕೂತರೆ ಅದು ಬಾಯಿಂದ ಬಾಯಿಗೆ ತಿರುಗುತ್ತಿತ್ತು. ಎತ್ತಿ ಕುಡಿಯುವಂತಿಲ್ಲ, ಕಚ್ಚಿಯೇ ಕುಡಿಯಬೇಕು. ನನ್ನೂರು ಮೆಟ್ರಿಯ ನಮ್ಮ ಮನೆಯಲ್ಲಿ ಗದ್ದೆ ಕೆಲಸದವರಿಗೆ ಬೇರೆ ಲೋಟ. ನಮ್ಮಲ್ಲೊಬ್ಬ ಬಂಡ್ರಿಯವನು, ಗಣಿ ಕೂಲಿಯ ಮಗ. ಅವನ ಕೇರಿಯವರಿಗೆ ಊರ ಹೋಟೆಲಿನಲ್ಲೂ ಬೇರೆ ಲೋಟ. ಅದನ್ನು ಮುರಿಯಲು ನಾವು ಹೂಡಿದ ಕ್ರಾಂತಿ ಇದು. ಲೋಟ ಬೇಡವೆಂದವನು ಜಾತಿ ಹಿಡಿದವನು ಎಂದೇ ಅರ್ಥ. ಕ್ರಾಂತಿಗೆ ಬ್ರಾಂದಿಯೇ ಯಾಕೆ, ನೀರು ಸಾಲದೇ ಎಂದು ಡಿಗ್ರಿ ಓದುವ ಐದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಎರಡನೇ ವರ್ಷದ ಹೊತ್ತಿಗೆ ನಮಗೆ ವಾರಕ್ಕೆ ನಾಲ್ಕು ಭಾನುವಾರ ಬರತೊಡಗಿದವು. ಬೆಳಿಗ್ಗೆ ಎದ್ದರೆ ಬಾಯೆಲ್ಲ ಕಹಿ, ಪುಸ್ತಕ ಹಿಡಿದರೆ ತಲೆ ಸುತ್ತು. ಬಿಡಬೇಕು ಅನ್ನಿಸುತ್ತಿತ್ತು. ಆದರೆ ಬಂಡ್ರಿಯವನು ಕುಡಿದು ಚಾಚಿದ ಲೋಟವನ್ನು ನಾನು, ಅಂಥ ಮನೆಯ ಮಗ, ಹೇಗೆ ತಳ್ಳಲಿ? ಅವನನ್ನು ಕಳೆದುಕೊಳ್ಳುವ ಭಯಕ್ಕೇ ಕುಡಿದೆ.

ಒಂದು ಸೋಮವಾರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೈ ನಡುಗಿ ನನ್ನ ಪಿಪೆಟ್ಟು ಬಿದ್ದು ಒಡೆಯಿತು. ಪಕ್ಕದಲ್ಲಿದ್ದ ಅವನ ಕೈಯೂ ನಡುಗುತ್ತಿತ್ತು. ಮೇಷ್ಟ್ರು ಮೂಸಿ ನೋಡಿದವರೇ ಇಬ್ಬರನ್ನೂ ಹೊರಗೆ ಅಟ್ಟಿದರು.

ವರಾಂಡದಲ್ಲಿ ನಿಂತು ಅಂದೇಬಿಟ್ಟೆ: "ನನಗ ಇನ್ನ ಕುಡಿಯೂದು ಬ್ಯಾಡಲೇ. ನೀ ಏನರ ತಿಳ್ಕೊ."

ಬೈಯುತ್ತಾನೆಂದು ಕಾದೆ. ಅವನು ಗೋಡೆಗೆ ಒರಗಿ ನನ್ನನ್ನೇ ನೋಡಿದ.

"ಇದನ್ನ ಹೇಳಾಕ ಎರಡು ವರ್ಷ ಬೇಕಾತೇನಲೇ? ನನಗೂ ಭಾಳ ಸಾಕಾಗೈತಿ. ನಾ ಒಲ್ಲೆ ಅಂದ್ರ, ನೀವು ನನ್ನ ಎಂಜಲಾ ಕುಡಿಯೂದು ಬಿಡ್ತೀರೇನೋ ಅಂತ ಸುಮ್ನಿದ್ದೆ."

ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಅವನ ಮೇಲೆ ಸಿಟ್ಟೂ ಬಂತು, ನನ್ನ ಮೇಲೆ ಇನ್ನೂ ಹೆಚ್ಚು. ಇಬ್ಬರೂ ನಕ್ಕೆವು, ಒಳಗಿನಿಂದ ಮೇಷ್ಟ್ರು ಗದರುವಷ್ಟು.

ಎದುರಿನ ಗೂಡಂಗಡಿಗೆ ಹೋಗಿ ಒಂದೇ ಚಹಾ ಹೇಳಿದೆವು. "ಇಬ್ಬರಿಗೆ ಒಂದೇನ್ರಿ?" ಎಂದ ಅಂಗಡಿಯವ. ಗೆಳೆಯ ಅರ್ಧ ಕುಡಿದು ಲೋಟ ಚಾಚಿದ. ಅವನ ತುಟಿ ತಾಗಿದ ಕಡೆಯಿಂದಲೇ ಕುಡಿಯಲು ಹೋದೆ. ಕೈ ಇನ್ನೂ ನಡುಗುತ್ತಿತ್ತು, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡೆ.

"ಸಾವಕಾಶ ಕುಡಿಯಲೇ," ಅಂದ. "ನಾ ಎಲ್ಲಿಗೂ ಹೋಗಂಗಿಲ್ಲ."