ಸದಾಶಿವಪ್ಪನವರ ಕೋವಿಗೆ ಒಪ್ಪಿದ ಬಟ್ಟೆ

ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಲೊಕ್ಕನಹಳ್ಳಿಯ ಸದಾಶಿವಪ್ಪನವರು ಲಿಂಗಪೂಜೆಯಾಗದೆ ನೀರು ಮುಟ್ಟದವರು, ಒಂದು ಹುಳವನ್ನೂ ನೋಯಿಸದವರು. ಅಂಥವರ ಮನೆಗೋಡೆಯ ಮೇಲೆ ಕೋವಿ ನೇತಾಡುತ್ತಿತ್ತು ಎಂದರೆ ಅದಕ್ಕೆ ಕಾಡುಹಂದಿಗಳೇ ಕಾರಣ. ಕಾಡಂಚಿನ ಹೊಲದಲ್ಲಿ ರಾಗಿ ತೆನೆ ಹಾಲುಗಟ್ಟುವುದೇ ತಡ, ಅವು ಸಂಸಾರ ಸಮೇತ ಊಟಕ್ಕೆ ಬಂದುಬಿಡುತ್ತಿದ್ದವು.

ಕೋವಿ ಅಪ್ಪನ ಕಾಲದ್ದು. ಬಾಯಿಂದಲೇ ಮದ್ದು ಸುರಿದು, ಗುಂಡು ಹಾಕಿ, ಗಜಕಡ್ಡಿಯಿಂದ ಜಡಿಯಬೇಕು. ನಳಿಗೆಯ ಅಳತೆಗೆ ಸರಿಯಾದ ಗುಂಡೇ ಬೇಕು. ಗುಂಡಿನ ಹಳೆಯ ಅಚ್ಚು ಕಳೆದುಹೋಗಿ, ಹನೂರಿನ ಆಚಾರಿಯ ಹೊಸ ಅಚ್ಚಿನಲ್ಲಿ ಎರೆದ ಸೀಸದ ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಚಿಕ್ಕದಾಗಿತ್ತು.

ಒಂದು ಸಂಜೆ ಅಟ್ಟಣೆಯ ಮೇಲೆ ಕೂತು ಕೆಳಗಿದ್ದ ಹಂದಿಗೆ ಗುರಿಯಿಟ್ಟು ನಳಿಗೆ ಬಗ್ಗಿಸಿದರು. ಗುಂಡು ಮೆಲ್ಲಗೆ ಉರುಳಿ ನೆಲಕ್ಕೆ ಬಿತ್ತು. ಅದು ತಿಳಿಯದೆ ಕೋವಿಯ ಕುದುರೆ ಎಳೆದರು. ಬುಸ್ಸೆಂದು ಹೊಗೆ ಬಂತು. ಹಂದಿ ತಲೆಯೆತ್ತಿ ನೋಡಿ ಮತ್ತೆ ತೆನೆಗೆ ಬಾಯಿ ಹಾಕಿತು. ಅವಮಾನ ಎಂದರೆ ಅವಮಾನ!

ಬೋಳಾದ ಅರ್ಧ ಹೊಲ ನೋಡಿ ಬಂದ ಹೆಂಡತಿ ಪುಟ್ಟಬಸಮ್ಮ ಕಡ್ಡಿ ಮುರಿದಂತೆ ಹೇಳಿದಳು: "ಉಳಿದ ರಾಗೀನೂ ಅಂದಿ ಪಾಲಾದ್ರ ಈ ಕೋವಿನ ಆಚಾರಿಗ ಕೊಟ್ಟು ಕುಡ್ಲು ಮಾಡಿಸ್ಕತೀನಿ. ಅದಾದ್ರೂ ಕುಯ್ತದ."

ಸದಾಶಿವಪ್ಪನವರು ಕೋವಿಯನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಅದರ ಹಿಡಿ ಮುಟ್ಟಿದಾಗಲೆಲ್ಲ ಅವರಿಗೆ ಅಪ್ಪನ ಕೈ ಹಿಡಿದಂತಾಗುತ್ತಿತ್ತು.

ಗುಂಡಿಗೆ ಬಟ್ಟೆ ಸುತ್ತಿದರೆ ಸಂದು ತುಂಬುತ್ತದೆ, ಸರಿ. ಆದರೆ ಎಷ್ಟು ದಪ್ಪದ ಬಟ್ಟೆ? ಪಂಚೆಯ ತುಂಡು ತೆಳುವಾಗಿ ಗುಂಡು ಜಾರಿತು. ಕಂಬಳಿಯ ತುಂಡು ಅರ್ಧದಲ್ಲೇ ಕಚ್ಚಿಕೊಂಡು ಗಜಕಡ್ಡಿ ಮುರಿಯಿತು. ಬಟ್ಟೆ ಸಲೀಸಾಗಿ ಇಳಿಯಲೆಂದು ಬೇಟೆಗಾರರು ಕೊಬ್ಬು ಸವರುತ್ತಾರೆ. ಇವರು ಕೊಬ್ಬು ಮುಟ್ಟುವುದುಂಟೆ? ತುಪ್ಪ ಸವರಿದರು. ಬೆಳಗಾಗುವುದರೊಳಗೆ ಇರುವೆಗಳು ನಳಿಗೆಯೊಳಕ್ಕೆ ಸಾಲುಗಟ್ಟಿದ್ದವು. ಅವು ಹೊರಬರುವ ತನಕ ಪುಣ್ಯಾತ್ಮರು ಕಾದು ಕೂತರು.

"ಕೋವಿ ತುಪ್ಪ ತಿಂತದ, ನಾವು ಬರೀ ಮುದ್ದ ನುಂಗದು," ಎಂದು ಪುಟ್ಟಬಸಮ್ಮ ಗೊಣಗಿದಳು.

ಕೊನೆಗೆ ಒಪ್ಪಿದ್ದು ಅವರ ಮದುವೆಯ ರುಮಾಲು. ಗುಂಡು ಹೆಬ್ಬೆರಳಿನ ಒತ್ತಿಗೆ ನಳಿಗೆಯ ಬಾಯಲ್ಲಿ ಕೂತಿತು, ಹೊಸ ಗಜಕಡ್ಡಿಗೆ ನುಣ್ಣಗೆ ಇಳಿಯಿತು, ಕೋವಿ ಬಗ್ಗಿಸಿದರೂ ಅಲುಗಲಿಲ್ಲ. ಬೇಲಿಯ ಮೇಲಿಟ್ಟ ಮಡಕೆಗಳು ಒಂದೊಂದಾಗಿ ಚೂರಾದವು. ಮಡಕೆಗೊಂದು ತುಂಡಿನಂತೆ ರುಮಾಲೂ ಸವೆದು ತಲೆಗೆ ಒಂದು ಸುತ್ತಿಗೂ ಸಾಲದಾಯಿತು. ಊರವರು ನಕ್ಕರು, ಇವರು ಹಿಗ್ಗಿದರು.

ಮುಸ್ಸಂಜೆಗೆ ಹಂದಿ ಬಂತು, ಹಿಂದೆಯೇ ಮರಿಗಳು. ಸದಾಶಿವಪ್ಪನವರು ಗುರಿ ಹಿಡಿದರು. ಬೆರಳು ಆಡಲೊಲ್ಲದು. ಇಷ್ಟು ವರ್ಷ ಧೈರ್ಯವಾಗಿ ಹೊಡೆದದ್ದೆಲ್ಲ ತಾಗುವುದಿಲ್ಲವೆಂಬ ನಂಬಿಕೆಯಿಂದ. ಈಗ ತಾಗುತ್ತದೆ. "ಶಿವನೇ" ಎಂದು ನಳಿಗೆಯನ್ನು ಆಕಾಶಕ್ಕೆತ್ತಿ ಹೊಡೆದುಬಿಟ್ಟರು.

ಬಿಗಿಯಾಗಿ ಕೂತಿದ್ದ ಗುಂಡಿನ ಸದ್ದಿಗೆ ಗುಡ್ಡವೇ ಗುಡುಗಿತು. ಹಂದಿಗಳು ಬಿದ್ದಂಬೀಳ ಓಡಿ ಕಾಡು ಸೇರಿದವು.

ಪುಟ್ಟಬಸಮ್ಮ ಓಡಿಬಂದಳು. "ಬಿತ್ತಾ?"

"ಇಲ್ಲ ಕಣಮ್ಮಿ. ಒಡದಿದ್ರ ಬೀಳ್ತಿತ್ತು. ಮರಿಗಳು ಇದ್ದೊ. ಕೈ ಬರ್ನಿಲ್ಲ."

ಅವಳು ಹಂದಿಗಳಿಲ್ಲದ ಹೊಲ ನೋಡಿದಳು, ಗಂಡನ ಮುಖ ನೋಡಿದಳು. "ಕೊಡಿ ಇಲ್ಲಿ" ಎಂದಳು. ಸದಾಶಿವಪ್ಪನವರು ಕೋವಿಯನ್ನು ಎದೆಗವಚಿಕೊಂಡರು. ಅವಳು ಬಿಡಿಸಿಕೊಂಡು ತನ್ನ ಹೆಗಲಿಗೇ ಹಾಕಿ ಮನೆದಾರಿ ಹಿಡಿದಳು.

"ನನ್ ಮದ್ವ ಸೀರ ಪೆಟ್ಟಿಗೇಲಿ ಅದ," ಎಂದಳು ತಿರುಗಿ ನೋಡದೆ. "ಅದ್ರ ದಪ್ಪ ಸರಿಹೋಯ್ತದಾ ನೋಡಿ."